ಸರ್ಪಸುತ್ತಿಗೆ ಕೊಟ್ಟ ಮಾತ್ರೆಗೆ ಗಂಟುನೋವು ಇಳಿಯಿತು: ಬೇರೆ ಯಾರಿಗಾದರೂ ಹೀಗಾಗಿದೆಯಾ?

ಮೆಟ್ಟುಗತ್ತಿ, ಶಿರಸಿ ತಾಲೂಕು

ಆಮವಾತ, ಅಂದರೆ ರುಮಟಾಯ್ಡ್ ಆರ್ಥರೈಟಿಸ್, ಇರುವವರು ಅಥವಾ ಮನೆಯಲ್ಲಿ ಅಂಥವರು ಇರುವವರು ದಯವಿಟ್ಟು ಓದಿ. ನನ್ನದು ಹಳೇ ಕಾಯಿಲೆ. ಆರ್‌ಎ ಫ್ಯಾಕ್ಟರ್, ಆ್ಯಂಟಿ ಸಿಸಿಪಿ ಅನ್ನುವ, ಆಮವಾತ ಗುರುತಿಸುವ ರಕ್ತಪರೀಕ್ಷೆ ಎರಡೂ ಪಾಸಿಟಿವ್. ವಾರಕ್ಕೊಮ್ಮೆ ರೋಗನಿರೋಧಕ ಶಕ್ತಿ ತಗ್ಗಿಸಿ ಬಾವು ಇಳಿಸುವ ಮೆಥೊಟ್ರೆಕ್ಸೇಟ್, ಅದಕ್ಕೆ ಜೊತೆಯಾಗಿ ಫೋಲಿಕ್ ಆ್ಯಸಿಡ್, ದಿನಾ ಹೈಡ್ರಾಕ್ಸಿಕ್ಲೋರೊಕ್ವಿನ್. ಇಷ್ಟೆಲ್ಲ ನುಂಗಿಯೂ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ. ದೋಸೆ ಎರೆಯುವ ಹೊತ್ತಿಗೆ ಸಟ್ಟುಗ ಹಿಡಿಯಲು ಬಂತು ಅಂದರೆ ಅದು ಒಳ್ಳೆಯ ದಿನ. ಅಡಿಕೆ ಸುಲಿಯುವುದನ್ನು ಬಿಟ್ಟೇ ಬಿಟ್ಟಿದ್ದೇನೆ, ಸುಲಿಯುವ ಮೆಟ್ಟುಗತ್ತಿಯ ಹೆಸರು ಮಾತ್ರ ಇಲ್ಲಿ ಉಳಿದಿದೆ.

ಈ ಸಲ ಅಡಿಕೆ ಕೊನೆಕೊಯ್ಲಿನ ಗಡಿಬಿಡಿಯ ನಡುವೆಯೇ ಎಡಪಕ್ಕೆಗೆ ಸರ್ಪಸುತ್ತು ಎದ್ದಿತು. ಪೇಟೆ ಡಾಕ್ಟರು ನೋಡಿದ ಕೂಡಲೇ ವ್ಯಾಲಾಸೈಕ್ಲೋವಿರ್ ಬರೆದರು: ಒಂದು ಗ್ರಾಂ, ದಿನಕ್ಕೆ ಮೂರು ಸಲ, ಏಳು ದಿನ. ಮೆಥೊಟ್ರೆಕ್ಸೇಟ್ ಸದ್ಯ ಬೇಡ ಅಂದರು. ಅದನ್ನು ಬಿಟ್ಟರೆ ಗಂಟೆಲ್ಲ ಹಿಡಿದುಕೊಂಡು ಮೂಲೆಗೆ ಬೀಳುತ್ತೇನೆ ಅಂತ ನನಗೆ ಹೆದರಿಕೆ. ಆದದ್ದು ತಿರುವುಮುರುವು. ಮಾತ್ರೆ ಮುಗಿಯುವ ಹೊತ್ತಿಗೆ ಪಕ್ಕೆ ಉರಿಯುತ್ತಲೇ ಇತ್ತು, ಆದರೆ ಬೆರಳು ಸಡಿಲ! ಮಣಿಕಟ್ಟಿನ ಬಾವು ಇಳಿದು ಬಳೆ ಸರಾಗ ತಿರುಗುತ್ತಿತ್ತು. ಮೆತ್ತಿ, ಅಂದರೆ ಮಹಡಿ, ಹತ್ತಿ ಇಳಿದರೆ ಮೊಣಕಾಲು ಮಾತಾಡಲಿಲ್ಲ. ಕೆಲವು ವಾರ ಹಾಗೇ ನಡೆಯಿತು, ಆಮೇಲೆ ನಿಧಾನಕ್ಕೆ ಹಳೇ ಕತೆ.

ಮನೆಯಲ್ಲಿ ಹೇಳಿದರೆ ನಗುತ್ತಾರೆ. ಇದು ಬರೀ ನನ್ನ ಭ್ರಮೆಯೋ, ವೈರಸ್ಸಿನ ಮಾತ್ರೆಗೂ ಗಂಟಿಗೂ ಏನಾದರೂ ಸಂಬಂಧ ಇದೆಯೋ?

ಕಡಲಂಚು, ಕಾರವಾರ

ಭ್ರಮೆ ಅಂತ ತಳ್ಳಿಹಾಕಬೇಡಿ. ನಮ್ಮ ಮನೆಯಲ್ಲೂ ಇಂಥದ್ದೇ ಒಂದು ಆಗಿದೆ, ಆದರೆ ಅದರ ಜಾಡು ಬೇರೆ.

ನಮ್ಮ ಮಾವನವರಿಗೆ ಕೈ ಗಂಟು, ಪಾದದ ಗಂಟು ನೋವು ಬಹಳ ಕಾಲದಿಂದ. ಆರ್‌ಎ ಫ್ಯಾಕ್ಟರ್ ಜೋರಾಗಿತ್ತು, ಹಾಗಾಗಿ ಆಮವಾತ ಅಂತಲೇ ನಡೆದುಕೊಂಡು ಬಂತು. ಕಾಲಿನ ಕೆಳಭಾಗದಲ್ಲಿ ಆಗಾಗ ನೇರಳೆ ಚುಕ್ಕೆ ಏಳುತ್ತಿತ್ತು, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕಣ್ಣಿನ ಪೊರೆ ಆಪರೇಷನ್ನಿಗೆ ಮೊದಲು ಮಾಮೂಲಿ ರಕ್ತಪರೀಕ್ಷೆ ಮಾಡುತ್ತಾರಲ್ಲ, ಅದರಲ್ಲಿ ಹೆಪಟೈಟಿಸ್ ಸಿ ಪಾಸಿಟಿವ್ ಅಂತ ಬಂತು. ಹಿಂದೊಮ್ಮೆ ಅಪಘಾತವಾದಾಗ ಅವರಿಗೆ ರಕ್ತ ಏರಿಸಿದ್ದರಂತೆ. ಆ ವೈರಸ್ ಪತ್ತೆಯಾದದ್ದೇ 1989ರಲ್ಲಿ, ಅದಕ್ಕೆ ಮೊದಲು ರಕ್ತದಲ್ಲಿ ಹುಡುಕುವುದಾದರೂ ಹೇಗೆ?

ಹನ್ನೆರಡು ವಾರ ಸೊಫೊಸ್ಬುವಿರ್ ಮತ್ತು ಡಕ್ಲಾಟಾಸ್ವಿರ್ ಕೊಟ್ಟರು. ವೈರಸ್ ಹೋಯಿತು. ಚುಕ್ಕೆ ಹೋಯಿತು. ಗಂಟುನೋವು ಅರ್ಧಕ್ಕರ್ಧ ಅಲ್ಲ, ಹೆಚ್ಚುಕಡಿಮೆ ಪೂರ್ತಿ ಹೋಯಿತು, ವಾಪಸ್ ಬರಲಿಲ್ಲ. ಡಾಕ್ಟರು ಹೇಳಿದ್ದು: ಈ ವೈರಸ್ ರಕ್ತದಲ್ಲಿ ಕ್ರಯೋಗ್ಲಾಬ್ಯುಲಿನ್ ಅನ್ನುವ ಪ್ರೋಟೀನ್ ಹುಟ್ಟಿಸುತ್ತದೆ, ಅದು ಸಣ್ಣ ರಕ್ತನಾಳ, ಗಂಟು, ಮೂತ್ರಪಿಂಡ ಎಲ್ಲ ಕಡೆ ಉರಿಯೂತ ತರುತ್ತದೆ, ಆರ್‌ಎ ಫ್ಯಾಕ್ಟರನ್ನೂ ಏರಿಸುತ್ತದೆ. ನೋಡುವವರಿಗೆ ಆಮವಾತದ ಹಾಗೇ ಕಾಣುತ್ತದೆ.

ಗಂಗಾವಳಿ ದಂಡೆ, ಅಂಕೋಲಾ

ನೋಡಿ, ಇದನ್ನೇ ನಾನು ಎಷ್ಟೋ ದಿನದಿಂದ ಹೇಳ್ತಾ ಇರೋದು. ಮೂಲ ವೈರಸ್ಸು! ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರದ ಕಾಯಿಲೆಗೆ ಎಪ್‌ಸ್ಟೈನ್ ಬಾರ್ ವೈರಸ್ ಕಾರಣ ಅಂತ 2022ರಲ್ಲೇ ಬಂದಿದೆ, ಅಮೆರಿಕದ ಒಂದು ಕೋಟಿ ಸೈನಿಕರ ರಕ್ತದ ಲೆಕ್ಕ ನೋಡಿ ಹೇಳಿದ್ದು. ಮೂಲ ಬಿಟ್ಟು ಜೀವನಪೂರ್ತಿ ಮೆಥೊಟ್ರೆಕ್ಸೇಟ್ ನುಂಗಿಸಿದರೆ ಕಂಪನಿಗೆ ಲಾಭ ಅಷ್ಟೇ. ಮೆಟ್ಟುಗತ್ತಿ ಅಕ್ಕ, ನನ್ನ ಹೆಂಡತಿಗೂ ಇದೇ ತೊಂದರೆ. ಆ ವ್ಯಾಲಾಸೈಕ್ಲೋವಿರ್ ಎಷ್ಟು ಪವರಿನದು, ಯಾವ ಕಂಪನಿಯದು ಹೇಳಿ, ತರಿಸ್ತೇನೆ.

ಗುಳಿಗೆ ಡಬ್ಬಿ, ಕುಮಟಾ

ತರಿಸಬೇಡಿ. ನಾನು ಔಷಧಿ ಅಂಗಡಿಯಲ್ಲೇ ಕೂತಿರುವವನು, ಚೀಟಿ ಇಲ್ಲದೆ ಕೇಳಿಕೊಂಡು ಬಂದರೆ ನಾನಂತೂ ಕೊಡುವುದಿಲ್ಲ.

ಸರ್ಪಸುತ್ತಿಗೆ ಕೊಡುವ ಡೋಸು ಸಣ್ಣದಲ್ಲ. ವ್ಯಾಲಾಸೈಕ್ಲೋವಿರ್ ಹೊಟ್ಟೆಗೆ ಹೋಗಿ ಅಸೈಕ್ಲೋವಿರ್ ಆಗುತ್ತದೆ, ಅದು ಹೊರಗೆ ಹೋಗುವುದು ಕಿಡ್ನಿಯ ದಾರಿಯಲ್ಲಿ. ಮೆಥೊಟ್ರೆಕ್ಸೇಟ್ ಹೋಗುವುದೂ ಅದೇ ದಾರಿ. ಗಂಟುನೋವಿನವರು ದಿನಾ ನುಂಗುವ ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆ ಕಿಡ್ನಿಯನ್ನು ಮೊದಲೇ ಹಿಂಡಿರುತ್ತದೆ. ಮೂರೂ ಕೂಡಿದರೆ, ಅದರ ಮೇಲೆ ನಮ್ಮ ಕರಾವಳಿಯ ಬೆವರು, ಕಡಿಮೆ ನೀರು. ಅಸೈಕ್ಲೋವಿರ್ ಕಿಡ್ನಿಯೊಳಗೆ ಹರಳುಗಟ್ಟಬಹುದು. ವಯಸ್ಸಾದವರಿಗೆ ಕಿಡ್ನಿ ಸೋತಿದ್ದರೆ ತಲೆಗೂ ಏರುತ್ತದೆ. ಇಲ್ಲದವರನ್ನು ಕಂಡು ಮಾತಾಡುತ್ತಾರೆ, ಮನೆಯವರು ಗಾಳಿ ಸೋಕಿತು ಅಂತ ಬೇರೆಯೇ ದಾರಿ ಹಿಡಿಯುತ್ತಾರೆ. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ನೋಡದೆ ಕೊಡುವ ಮಾತ್ರೆ ಅಲ್ಲ ಅದು.

ಮೆಟ್ಟುಗತ್ತಿಯವರೇ, ಒಂದು ವಿಷಯ. ಆ ಚೀಟಿಯಲ್ಲಿ ಬೇರೆ ಏನಿತ್ತು? ಸರ್ಪಸುತ್ತಿನ ನೋವು ಜಾಸ್ತಿ ಇದ್ದರೆ ಕೆಲವರು ಪ್ರೆಡ್ನಿಸೊಲೋನ್ ಅನ್ನುವ ಸ್ಟಿರಾಯ್ಡ್ ಕೂಡ ಬರೆಯುತ್ತಾರೆ. ದಿನ ಕಳೆದಂತೆ ಕಡಿಮೆ ಮಾಡುತ್ತ ಬರುವ ಸಣ್ಣ ಮಾತ್ರೆ ಇತ್ತಾ? ಇದ್ದರೆ ನಿಮ್ಮ ಬಳೆ ತಿರುಗಿದ್ದರ ಗುಟ್ಟು ಅದೇ. ಸ್ಟಿರಾಯ್ಡ್ ಹೊಟ್ಟೆಗೆ ಬಿದ್ದರೆ ಆಮವಾತ ಎರಡೇ ದಿನದಲ್ಲಿ ಬಾಲ ಮುದುಡುತ್ತದೆ.

ಮೆಟ್ಟುಗತ್ತಿ, ಶಿರಸಿ ತಾಲೂಕು

ಚೀಟಿ ಹುಡುಕಿ ತೆಗೆದೆ. ಸ್ಟಿರಾಯ್ಡ್ ಇಲ್ಲ. ವ್ಯಾಲಾಸೈಕ್ಲೋವಿರ್, ರಾತ್ರಿಗೆ ನರದ ನೋವಿನ ಪ್ರಿಗ್ಯಾಬಲಿನ್, ಬೇಕಾದರೆ ಪ್ಯಾರಾಸಿಟಮಾಲ್, ಹಚ್ಚಲು ಒಂದು ಲೋಷನ್. ಪ್ರಿಗ್ಯಾಬಲಿನ್ ಮಾತ್ರ ಆಮೇಲೂ ಬಹಳ ಕಾಲ ನಡೆಯಿತು, ಗಂಟು ಮತ್ತೆ ಹಿಡಿದಾಗಲೂ ಅದು ನಡೆಯುತ್ತಲೇ ಇತ್ತು. ಹಾಗಾಗಿ ಅದರದ್ದು ಅನ್ನಲಾರೆ.

ಅಂಕೋಲೆಯವರೇ, ಮಾತ್ರೆಯ ಹೆಸರು ಕೇಳಬೇಡಿ. ನಾನು ಬರೆದದ್ದು ಯಾರೂ ಅದನ್ನು ನುಂಗಲಿ ಅಂತ ಅಲ್ಲ.

ಬಿ.ಎಸ್ಸಿ. ಬೆಂಚು, ಈಗ ಹುಬ್ಬಳ್ಳಿ, ಮನೆ ಹೊನ್ನಾವರ

ಸ್ಟಿರಾಯ್ಡ್ ಇಲ್ಲ ಅಂದಮೇಲೆ ಇದು ಸ್ವಾರಸ್ಯದ ವಿಷಯ ಆಯಿತು. ಸ್ವಲ್ಪ ಉದ್ದ ಬರೆಯುತ್ತೇನೆ.

ಅಸೈಕ್ಲೋವಿರ್ ತಾನಾಗಿ ಏನೂ ಮಾಡದ ಔಷಧ. ಹರ್ಪಿಸ್ ಜಾತಿಯ ವೈರಸ್ (ಸರ್ಪಸುತ್ತಿನದೂ ಎಪ್‌ಸ್ಟೈನ್ ಬಾರ್ ಕೂಡ ಇದೇ ಜಾತಿ) ನಮ್ಮ ಜೀವಕೋಶದೊಳಗೆ ಮರಿಹಾಕುವಾಗ ಥೈಮಿಡಿನ್ ಕೈನೇಸ್ ಅನ್ನುವ ಕಿಣ್ವ ತಯಾರಿಸುತ್ತದೆ. ಆ ಕಿಣ್ವವೇ ಈ ಔಷಧಕ್ಕೆ ಮೊದಲ ಫಾಸ್ಫೇಟ್ ಅಂಟಿಸಿ ಅದನ್ನು ಚುರುಕು ಮಾಡುವುದು. ಕಳ್ಳನ ಕೈಯಲ್ಲೇ ಬಾಗಿಲಿಗೆ ಬೀಗ ಹಾಕಿಸಿದ ಹಾಗೆ. ವೈರಸ್ ಮರಿಹಾಕದೆ ಸುಮ್ಮನೆ ಮಲಗಿದ್ದರೆ ಔಷಧಕ್ಕೂ ಕೆಲಸವಿಲ್ಲ. ಎಪ್‌ಸ್ಟೈನ್ ಬಾರ್ ವೈರಸ್ ಪ್ರಪಂಚದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ದೊಡ್ಡವರ ಮೈಯಲ್ಲಿದೆ, ಬಿ ಕೋಶಗಳಲ್ಲಿ ಬಹುತೇಕ ಮಲಗಿಯೇ ಇರುತ್ತದೆ. ಆಮವಾತಕ್ಕೂ ಅದಕ್ಕೂ ನಂಟಿದೆ ಎನ್ನುವ ಅನುಮಾನ ಹಳೆಯದು. ಮಲ್ಟಿಪಲ್ ಸ್ಕ್ಲೆರೋಸಿಸ್ಸಿನಲ್ಲಿ ಸಿಕ್ಕಷ್ಟು ಗಟ್ಟಿ ಸಾಕ್ಷಿ ಇಲ್ಲಿ ಇಲ್ಲ. ಮಲಗಿದ ವೈರಸ್ಸನ್ನು ವ್ಯಾಲಾಸೈಕ್ಲೋವಿರ್ ಎಬ್ಬಿಸುವುದೂ ಇಲ್ಲ, ಓಡಿಸುವುದೂ ಇಲ್ಲ.

ಹಾಗಾದರೆ ಅಕ್ಕನ ಅನುಭವ ಸುಳ್ಳಾ? ಅಲ್ಲ. ವೈದ್ಯಕೀಯದಲ್ಲಿ ರೋಗಿಗಳ ಇಂಥ ಮಾತಿನಿಂದಲೇ ಹೊಸ ದಾರಿ ತೆರೆದದ್ದುಂಟು. ಅಮಾಂಟಡಿನ್ ಫ್ಲೂಗೆ ಕೊಡುತ್ತಿದ್ದ ವೈರಸ್ ನಿರೋಧಕ. 1968ರಲ್ಲಿ ಅಮೆರಿಕದ ಒಬ್ಬ ಪಾರ್ಕಿನ್ಸನ್ ರೋಗಿ ಹೆಂಗಸು ಫ್ಲೂ ಬಾರದಿರಲಿ ಅಂತ ಅದನ್ನು ತಿಂದಾಗ ಕೈನಡುಕ, ಬಿಗಿತ ಕಡಿಮೆಯಾಯಿತು, ಬಿಟ್ಟಾಗ ಮತ್ತೆ ಬಂತು. ಅವಳು ಡಾಕ್ಟರಿಗೆ ಹೇಳಿದಳು, ಅವರು ಕಿವಿಗೊಟ್ಟು ಬೇರೆ ರೋಗಿಗಳಿಗೂ ಕೊಟ್ಟು ನೋಡಿ 1969ರಲ್ಲಿ ಪ್ರಕಟಿಸಿದರು. ಇವತ್ತಿಗೂ ಅದು ಪಾರ್ಕಿನ್ಸನ್ನಿಗೆ ಬಳಕೆಯಲ್ಲಿದೆ. ಆದರೆ ಗಮನಿಸಿ: ಅದರಿಂದ ಪಾರ್ಕಿನ್ಸನ್ ವೈರಸ್ಸಿನಿಂದ ಬರುತ್ತದೆ ಅಂತ ಸಾಬೀತಾಗಲಿಲ್ಲ. ಔಷಧ ಮೆದುಳಿನಲ್ಲಿ ಬೇರೆಯೇ ಕಡೆ ಕೆಲಸ ಮಾಡುತ್ತಿತ್ತು. ಅಂಕೋಲೆಯ ಅಣ್ಣ ಜಾರಿದ್ದು ಇಲ್ಲೇ. ಔಷಧದಿಂದ ಗುಣ ಕಂಡರೂ ಆ ಔಷಧ ಯಾವುದನ್ನು ಕೊಲ್ಲುತ್ತದೋ ಅದೇ ರೋಗದ ಬೇರು ಅಂತ ಹೇಳಲು ಬರುವುದಿಲ್ಲ.

ಅಕ್ಕ ದಿನಾ ನುಂಗುವ ಹೈಡ್ರಾಕ್ಸಿಕ್ಲೋರೊಕ್ವಿನ್ನಿನದ್ದೂ ಅದೇ ಚರಿತ್ರೆ. ಮಲೇರಿಯಾ ಔಷಧಗಳ ಸಾಲು ಅದು. 1951ರಲ್ಲಿ ಲಂಡನ್ನಿನ ಒಬ್ಬ ಡಾಕ್ಟರು ಮೆಪಾಕ್ರಿನ್ ಅನ್ನುವ ಮಲೇರಿಯಾ ಮಾತ್ರೆ ಕೊಟ್ಟರೆ ಲೂಪಸ್ ಅನ್ನುವ, ಮೈಯ ರಕ್ಷಣಾ ಶಕ್ತಿಯೇ ಮೈಮೇಲೆ ತಿರುಗುವ ಕಾಯಿಲೆ ಇಳಿಯುತ್ತದೆ ಅಂತ ಬರೆದರು. ಹಾಗಂತ ಲೂಪಸ್ ಸೊಳ್ಳೆಯಿಂದ ಬರುತ್ತದಾ? ಇನ್ನೂ ಹಿಂದಕ್ಕೆ ಹೋದರೆ 1929, ಅಮೆರಿಕದ ಫಿಲಿಪ್ ಹೆಂಚ್. ಆಮವಾತದ ರೋಗಿಗೆ ಕಾಮಾಲೆ ಬಂದಾಗ ಗಂಟುನೋವು ಮಾಯವಾದದ್ದನ್ನು ಕಂಡರು, ಬಸುರಿಯರಲ್ಲೂ ಹಾಗಾಗುವುದನ್ನು ಕಂಡರು. ಮೈಯೊಳಗೇ ಏನೋ ಒಂದು ವಸ್ತು ಹುಟ್ಟುತ್ತಿರಬೇಕು ಅಂತ ಬೆನ್ನುಹತ್ತಿ 1948ರಲ್ಲಿ ಕಾರ್ಟಿಸೋನ್ ಕೊಟ್ಟು ನೋಡಿದರು, 1950ರಲ್ಲಿ ನೊಬೆಲ್ ಬಂತು. ಕಾಮಾಲೆಯ ಬೆನ್ನುಹತ್ತಿದವರಿಗೆ ಸಿಕ್ಕಿದ್ದು ಸ್ಟಿರಾಯ್ಡ್.

ಸೋತದ್ದೂ ಇದೆ. ಅಮೆರಿಕದ ಅಲಬಾಮಾದ ಒಬ್ಬ ಸರ್ಜನ್, ಮೈಯೆಲ್ಲ ನೋವಿನ ಫೈಬ್ರೊಮಯಾಲ್ಜಿಯಾ ರೋಗಿಗಳಿಗೆ ಫಾಮ್‌ಸೈಕ್ಲೋವಿರ್ ಅನ್ನುವ ಹರ್ಪಿಸ್ ಮಾತ್ರೆ ಮತ್ತು ಸೆಲೆಕಾಕ್ಸಿಬ್ ಅನ್ನುವ ನೋವಿನ ಮಾತ್ರೆ ಕೂಡಿಸಿ ಕೊಟ್ಟು ಗುಣ ಕಂಡರು. ಮೊದಲ ಪ್ರಯೋಗ 143 ಜನರ ಮೇಲೆ, ಫಲಿತಾಂಶ ಚೆನ್ನಾಗಿಯೇ ಇತ್ತು. 2022ರಲ್ಲಿ ದೊಡ್ಡದು ಮಾಡಿದಾಗ ಮುಖ್ಯ ಗುರಿಯನ್ನೇ ಮುಟ್ಟಲಿಲ್ಲ. ಔಷಧವಿಲ್ಲದ ಸುಳ್ಳು ಮಾತ್ರೆ ತಿಂದವರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು, ಅಂಕೋಲೆಯ ಅಣ್ಣನ ಕಂಪನಿಯ ಮಾತಿಗೆ. ಅಸೈಕ್ಲೋವಿರ್ ಹೊರಬಂದದ್ದು ಅಮೆರಿಕದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಅವರ ತಂಡದಿಂದ. ಆಮವಾತಕ್ಕೆ ಕೊಡುವ ಅಜಥಯೋಪ್ರಿನ್, ಯೂರಿಕ್ ಆ್ಯಸಿಡ್ಡಿನ ವಾತಕ್ಕೆ ಕೊಡುವ ಅಲೊಪ್ಯೂರಿನಾಲ್, ಅವೂ ಅವರೂ ಅವರ ಸಹೋದ್ಯೋಗಿ ಹಿಚಿಂಗ್ಸ್ ಅವರೂ ಕೂಡಿ ಮಾಡಿದ್ದು. 1988ರ ನೊಬೆಲ್. ಇವೆಲ್ಲದರ ಪೇಟೆಂಟ್ ಮುಗಿದು ಯಾವ ಕಾಲವಾಯಿತು! ಮೆಥೊಟ್ರೆಕ್ಸೇಟ್ ಸಿಗುವುದು ಚಿಲ್ಲರೆ ಕಾಸಿಗೆ. ಅದನ್ನು ಮಾರಿ ಯಾರೂ ಅರಮನೆ ಕಟ್ಟುವುದಿಲ್ಲ.

ತೋಟದ ಕಾವಲು, ಸಿದ್ದಾಪುರ

ಅಷ್ಟೆಲ್ಲ ದೂರ ಯಾಕೆ ಹೋಗಬೇಕು? ಸರ್ಪಸುತ್ತು ಅಂದಕೂಡಲೇ ಮನೆಯವರು ಅಕ್ಕನನ್ನು ಅಡುಗೆಮನೆಯಿಂದ ಎಬ್ಬಿಸಿ ಕೂರಿಸಿರುತ್ತಾರೆ. ನೀರು ಸೇದುವುದಿಲ್ಲ, ಒರಳು ಇಲ್ಲ, ಕೊಟ್ಟಿಗೆ ಇಲ್ಲ, ಅಡಿಕೆ ಬೇಯಿಸುವ ಹಂಡೆಯ ಹತ್ತಿರ ಹೋಗುವುದಿಲ್ಲ. ಕೈಗೆ ಅಷ್ಟು ದಿನ ರಜೆ ಸಿಕ್ಕಿದ್ದು ಯಾವಾಗ ಹೇಳಿ? ರಜೆ ಮುಗಿದು ಕೆಲಸ ಶುರುವಾಯಿತು, ನೋವೂ ಶುರುವಾಯಿತು.

ಈ ಕಾಯಿಲೆಯ ಸ್ವಭಾವವೇ ಏರಿಳಿತ. ನನಗೆ ಒಂದು ಮಳೆಗಾಲ ಪೂರ್ತಿ ಯಾವ ಹೊಸ ಔಷಧವೂ ಇಲ್ಲದೆ ಚೆನ್ನಾಗಿತ್ತು. ಆಗ ಬೆಳ್ಳುಳ್ಳಿ ತಿನ್ನುತ್ತಿದ್ದರೆ ಇಷ್ಟು ಹೊತ್ತಿಗೆ ಊರೆಲ್ಲ ಬೆಳ್ಳುಳ್ಳಿ ಹಂಚುತ್ತಿದ್ದೆ.

ಮೆಟ್ಟುಗತ್ತಿ, ಶಿರಸಿ ತಾಲೂಕು

ರಜೆಯಾ! ಕೊನೆಕೊಯ್ಲಿನ ಆಳುಗಳಿಗೆ ಆಸರಿ, ಊಟ ಯಾರು ಮಾಡಿದ್ದು ಅಂದುಕೊಂಡಿರಿ? ಪಕ್ಕೆಗೆ ಬಟ್ಟೆ ಕಟ್ಟಿಕೊಂಡೇ ಎಲ್ಲ ಮಾಡಿದೆ. ಆದರೆ ಅಡಿಕೆ ಬೇಯಿಸುವ ಕಡೆ ಹೋಗಲಿಲ್ಲ ಅನ್ನುವುದು ಹೌದು.

ತದಡಿ ಬಂದರು

ಕೇಳಬಹುದಾದರೆ ಕೇಳ್ತೇನೆ. ನನಗೆ ಚಿಕೂನ್‌ಗುನ್ಯಾ ಬಂದುಹೋದ ಮೇಲೆ ಪಾದದ ಗಂಟು, ಬೆರಳಿನ ಗಂಟು ಬಿಡಲೇ ಇಲ್ಲ. ಬಲೆ ಎಳೆಯುವಾಗ ಪ್ರಾಣ ಹೋಗ್ತದೆ. ಜೂನ್ ಒಂದರಿಂದ ಜುಲೈ ಮೂವತ್ತೊಂದು ಬೋಟ್ ಬಂದ್ ಇರುವಾಗ ಮಾತ್ರ ಸ್ವಲ್ಪ ಉಸಿರು. ಅದೂ ವೈರಸ್ಸೇ ಅಲ್ಲವಾ, ಈ ಮಾತ್ರೆ ಅದಕ್ಕೆ ಆಗ್ತದಾ?

ಬಿ.ಎಸ್ಸಿ. ಬೆಂಚು, ಈಗ ಹುಬ್ಬಳ್ಳಿ, ಮನೆ ಹೊನ್ನಾವರ

ಆಗುವುದಿಲ್ಲ. ಚಿಕೂನ್‌ಗುನ್ಯಾ ಆರ್‌ಎನ್‌ಎ ವೈರಸ್, ಅದರಲ್ಲಿ ನಾನು ಮೇಲೆ ಹೇಳಿದ ಕಿಣ್ವವೇ ಇಲ್ಲ. ಅದಕ್ಕೆಂದೇ ಒಪ್ಪಿಗೆ ಪಡೆದ ವೈರಸ್ ನಿರೋಧಕ ಇನ್ನೂ ಬಂದಿಲ್ಲ. ಆದರೆ ನೋವು ತಿಂಗಳುಗಟ್ಟಲೆ ಉಳಿದು ಬಾವು ಇದ್ದರೆ ಅದನ್ನು ಗಂಟಿನ ಡಾಕ್ಟರು ಆಮವಾತದ ಹಾಗೇ ನೋಡುತ್ತಾರೆ, ಮೆಥೊಟ್ರೆಕ್ಸೇಟ್ ಕೊಡುವುದೂ ಉಂಟು. ಚಿಕೂನ್‌ಗುನ್ಯಾ ನೆಪದಲ್ಲಿ ನಿಜವಾದ ಆಮವಾತವೇ ಕಣ್ತಪ್ಪಿರಲೂಬಹುದು, ಆ್ಯಂಟಿ ಸಿಸಿಪಿ ಮಾಡಿಸಿ. ಬಂದ್ ಕಾಲದಲ್ಲೇ ಹೋಗಿಬನ್ನಿ, ಆಮೇಲೆ ನಿಮಗೆ ಪುರಸೊತ್ತು ಸಿಗುವುದಿಲ್ಲ.

ಮೂಡುಮನೆ ಅಜ್ಜಿ ಮೊಮ್ಮಗ, ಯಲ್ಲಾಪುರ

ನಮ್ಮ ಕಡೆ ಸರ್ಪಸುತ್ತಿಗೆ ಕೆಮ್ಮಣ್ಣು ಬರೆದು ಮಂತ್ರಿಸಿದರೆ ವಾರದಲ್ಲಿ ಒಣಗುತ್ತದೆ. ಮಾತ್ರೆ ಇಲ್ಲದೆಯೇ ಗುಣ. ಹೆಡೆ ಬಾಲ ಕೂಡಲು ಮಾತ್ರ ಬಿಡಬಾರದು ಅಂತ ಅಜ್ಜಿ ಹೇಳುತ್ತಿದ್ದರು.

ಗುಳಿಗೆ ಡಬ್ಬಿ, ಕುಮಟಾ

ಒಣಗುವುದು ಅದು ತಾನಾಗಿ ಒಣಗುವ ಕಾಯಿಲೆ ಆದ್ದರಿಂದ, ಸ್ವಾಮಿ. ಸಿಡುಬಲ್ಲ, ನೀರುಕೋಟಲೆಯ, ಅಂದರೆ ಚಿಕನ್‌ಪಾಕ್ಸಿನ, ವೈರಸ್ಸು ನರದ ಬುಡದಲ್ಲಿ ಅಡಗಿದ್ದು ಎದ್ದು ಬರುವುದು. ಒಂದು ನರದ ವ್ಯಾಪ್ತಿ ಬೆನ್ನಿನಿಂದ ಹೊರಟು ಹೊಟ್ಟೆಯ ನಡುಗೆರೆಗೆ ಮುಗಿಯುತ್ತದೆ, ಹಾಗಾಗಿ ಹೆಡೆ ಬಾಲ ಕೂಡುವುದು ಬಲು ಅಪರೂಪ. ಮಾತ್ರೆ ಕೊಡುವುದು ಗುಳ್ಳೆ ಬೇಗ ಒಣಗಲಿ, ವೈರಸ್ ಹೆಚ್ಚು ಹರಡದಿರಲಿ ಅಂತ, ಅದಕ್ಕೇ 72 ಗಂಟೆಯೊಳಗೆ ಶುರುಮಾಡಬೇಕು ಅನ್ನುವುದು. ಮೆಥೊಟ್ರೆಕ್ಸೇಟ್, ಸ್ಟಿರಾಯ್ಡ್, ಟೊಫಾಸಿಟಿನಿಬ್ ಥರದ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತಿನ್ನುವವರು ಮಣ್ಣು ಬರೆಯುತ್ತ ದಿನ ಕಳೆಯಬಾರದು. ಅವರಿಗೆ ಮೈತುಂಬ ಹರಡಬಹುದು, ಕಣ್ಣಿಗೆ ಬಂದರೆ ದೃಷ್ಟಿಗೇ ಕುತ್ತು.

ಗಂಗಾವಳಿ ದಂಡೆ, ಅಂಕೋಲಾ

ಸರಿ, ಮಾತ್ರೆ ತರಿಸುವುದಿಲ್ಲ. ಆದರೂ ನನ್ನ ಪ್ರಶ್ನೆ ಹಾಗೇ ಇದೆ. ಕಾರವಾರದವರ ಮಾವನಿಗೆ ವೈರಸ್ ಹೋದಮೇಲೆ ಗಂಟು ಗುಣವಾಯಿತಲ್ಲ? ಅಲ್ಲಿ ವೈರಸ್ಸೇ ಬೇರಾಗಿತ್ತಲ್ಲ?

ಕಡಲಂಚು, ಕಾರವಾರ

ಹೌದು, ಅಲ್ಲಿ ಆಗಿತ್ತು. ಅದಕ್ಕೆ ಸಾಕ್ಷಿಯೂ ಇತ್ತು: ರಕ್ತದಲ್ಲಿ ವೈರಸ್ ಲೆಕ್ಕ ಹಾಕಿ ನೋಡಿದ್ದರು, ಚಿಕಿತ್ಸೆ ಮುಗಿದ ಮೇಲೆ ಅದು ಸೊನ್ನೆ. ನಿಜವಾದ ಆಮವಾತದಲ್ಲೇ ಹೆಚ್ಚಾಗಿ ಕಾಣುವ ಆ್ಯಂಟಿ ಸಿಸಿಪಿ ಮಾಡಿಸಿದಾಗ ನೆಗೆಟಿವ್ ಬಂದಿತ್ತು. ಮೆಟ್ಟುಗತ್ತಿಯವರದ್ದು ಪಾಸಿಟಿವ್. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ನಿಮ್ಮ ಹೆಂಡತಿಗೆ ಮಾಡಬಹುದಾದ್ದು ಒಂದಿದೆ. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಿದೆಯಾ ಕೇಳಿ. ಬಿ ಕೂಡ ಗಂಟುನೋವು, ರಕ್ತನಾಳದ ಉರಿಯೂತ ತರುತ್ತದೆ. ಮೆಥೊಟ್ರೆಕ್ಸೇಟ್ ಶುರುಮಾಡುವ ಮೊದಲು ಇವೆರಡನ್ನೂ ನೋಡಬೇಕು, ಯಾಕೆಂದರೆ ಔಷಧ ಯಕೃತ್ತಿನ ಮೇಲೆ ಬೀಳುತ್ತದೆ, ರೋಗನಿರೋಧಕ ಶಕ್ತಿ ಕುಗ್ಗಿದರೆ ಮಲಗಿದ್ದ ಬಿ ವೈರಸ್ ಏಳಬಹುದು. 2018ರ ಜುಲೈ 28ರಿಂದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಇದೆ, ಅದರಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಆ ಹೆಸರು ಹೇಳಿ ವಿಚಾರಿಸಿ.

ಗಂಗಾವಳಿ ದಂಡೆ, ಅಂಕೋಲಾ

ಫೈಲು ತೆಗೆದು ನೋಡಿದೆ. ಬಿ ಇದೆ, ನೆಗೆಟಿವ್. ಸಿ ಕಾಣಲಿಲ್ಲ. ಕೇಳ್ತೇನೆ.

ಮೆಟ್ಟುಗತ್ತಿ, ಶಿರಸಿ ತಾಲೂಕು

ಗಂಟಿನ ಡಾಕ್ಟರ ಹತ್ತಿರ ಹೋಗಿಬಂದೆ. ನಮಗೆ ಹುಬ್ಬಳ್ಳಿಯೇ ಗತಿ, ಕರಾವಳಿಯವರಿಗೆ ಮಣಿಪಾಲ ಇಲ್ಲವೇ ಗೋವಾ. ಇಡೀ ದಿನದ ಕೆಲಸ ಅದು. ಇಲ್ಲಿ ಬರೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ: ಮಾತ್ರೆ ಯಾವಾಗ ಶುರು, ಬೆರಳು ಯಾವಾಗ ಸಡಿಲ, ಯಾವಾಗ ಮತ್ತೆ ಬಿಗಿ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ, ಹಾಳೆ ತೆಗೆದು ಫೈಲಿಗೆ ಹಾಕಿಕೊಂಡರು.

ಅವರು ಹೇಳಿದ್ದು ಇಷ್ಟು. ಒಬ್ಬರ ಅನುಭವದಿಂದ ಔಷಧ ಬರೆಯಲು ಬರುವುದಿಲ್ಲ. ಆ ವಾರಗಳಲ್ಲಿ ಇಎಸ್‌ಆರ್, ಸಿಆರ್‌ಪಿ ಅಂತ ಉರಿಯೂತ ಅಳೆಯುವ ರಕ್ತಪರೀಕ್ಷೆ ಮಾಡಿಸಿದ್ದರೂ ಸರ್ಪಸುತ್ತು ಇದ್ದದ್ದರಿಂದ ಅದನ್ನು ಓದುವುದು ಕಷ್ಟವಾಗುತ್ತಿತ್ತು. ಮುಂದೆ ಯಾವುದೇ ಕಾರಣಕ್ಕೆ ಹಾಗೆ ಸಡಿಲವಾದರೆ ಆಗಲೇ ಬನ್ನಿ, ಗಂಟಿನ ಅಲ್ಟ್ರಾಸೌಂಡ್ ಮಾಡಿ ಬಾವು ನಿಜಕ್ಕೂ ಇಳಿದಿದೆಯೋ ನೋಡೋಣ ಅಂದರು. ಮೆಥೊಟ್ರೆಕ್ಸೇಟ್ ಮತ್ತೆ ಶುರು, ಈ ಸಲ ಮಾತ್ರೆ ಬದಲು ಇಂಜೆಕ್ಷನ್. ಬೆಳಗಿನ ಬಿಗಿತ ಇಷ್ಟು ಹೊತ್ತು ಉಳಿಯುವುದೇ ಈಗಿನ ಔಷಧ ಸಾಲದು ಅನ್ನುವುದರ ಗುರುತಂತೆ. ಅದನ್ನು ನಾನು ಇಷ್ಟು ವರ್ಷ ಅವರಿಗೆ ಹೇಳಿರಲೇ ಇಲ್ಲ, ಸಹಜ ಅಂದುಕೊಂಡಿದ್ದೆ.

ಸರ್ಪಸುತ್ತು ಮತ್ತೆ ಬಾರದ ಹಾಗೆ ಲಸಿಕೆ ಇದೆ, ತಗೊಳ್ಳಿ ಅಂತಲೂ ಅಂದರು. ಕುಮಟೆಯವರೇ, ನಿಮ್ಮಲ್ಲಿ ಸಿಗುತ್ತದಾ?

ಗುಳಿಗೆ ಡಬ್ಬಿ, ಕುಮಟಾ

ಶಿಂಗ್ರಿಕ್ಸ್ ಇರಬೇಕು. ಭಾರತಕ್ಕೆ 2023ರಲ್ಲಿ ಬಂತು, ಐವತ್ತು ದಾಟಿದವರಿಗೆ, ಎರಡು ಡೋಸು. ಜೀವಂತ ವೈರಸ್ ಇಲ್ಲದ ಲಸಿಕೆ, ಹಾಗಾಗಿ ಮೆಥೊಟ್ರೆಕ್ಸೇಟ್ ತಿನ್ನುವವರಿಗೂ ಕೊಡಬಹುದು. ಹಳೆಯ ಜೀವಂತ ಲಸಿಕೆ ಬೇರೆ, ಅದರ ಜೊತೆ ಇದನ್ನು ಗೊಂದಲ ಮಾಡಿಕೊಳ್ಳಬೇಡಿ. ಈಗಿನ ಗಾಯ ಪೂರ್ತಿ ಮಾಯ್ದಿರಬೇಕು. ಎರಡನೆಯದು ಯಾವಾಗ ಅನ್ನುವುದನ್ನು ಡಾಕ್ಟರ ಹತ್ತಿರ ಚೀಟಿಯಲ್ಲೇ ಬರೆಸಿಕೊಳ್ಳಿ. ಅಗ್ಗ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಫ್ರಿಜ್ಜಿನಲ್ಲೇ ಇರಬೇಕಾದ್ದು, ದೇವಿಮನೆ ಘಾಟಿ ಹತ್ತಿಸಿ ಚೀಲದಲ್ಲಿ ಒಯ್ಯುವ ಸಾಮಾನಲ್ಲ. ಶಿರಸಿಯಲ್ಲೇ ಯಾರಾದರೂ ತರಿಸಿ ಅಲ್ಲೇ ಚುಚ್ಚುತ್ತಾರಾ ಮೊದಲು ವಿಚಾರಿಸಿ. ಇಲ್ಲ ಅಂದರೆ ನನಗೆ ಒಂದು ವಾರ ಮೊದಲು ತಿಳಿಸಿ, ಆರ್ಡರ್ ಹಾಕುತ್ತೇನೆ.